ಪೊರಕೆ ಕಡ್ಡಿ ಕಟ್ಟಿದ ಗಾಳ

ಗಾಳ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದ ಕಾಲ. ಪಂಪ್‌ಸೆಟ್ ರಿಪೇರಿಗೆ ಹೊನ್ನವಳ್ಳಿಗೆ ಹೋಗಿದ್ದೆ. ಕರೆಂಟ್ ಬರುವುದು ಸಂಜೆಗೇ ಎಂದು ಗೊತ್ತಾದಾಗ, ಹೊಸದಾಗಿ ಕೊಂಡಿದ್ದ ಫೈಬರ್ ಕೋಲು ಹಿಡಿದು ಕೆರೆಗೆ ನಡೆದೆ.

ಕೆರೆ ತುಂಬ ಜಿಲೇಬಿ ಮೀನು. ಆದರೆ ಗಾಳ ಎತ್ತಿದಾಗಲೆಲ್ಲ ಎರೆಹುಳು ಮಾಯವಾಗಿರುತ್ತಿತ್ತು, ಕೈಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಏರಿಯ ಮೇಲೆ ತೆಂಗಿನ ಗರಿ ಸೀಳಿ ಪೊರಕೆ ಕಟ್ಟುತ್ತಿದ್ದ ಅಜ್ಜಿಯೊಬ್ಬರು ತಡೆಯಲಾರದೆ ಕೂಗಿದರು: "ನಿನ್ ಕೋಲು ಬಲು ಬಿರುಸು ಕಣಪ್ಪ. ಈ ಮೀನು ಕಚ್ಚಿ ಎಳೆಯಲ್ಲ, ಸುಮ್ನೆ ಬಾಯಿ ತಾಗಿಸಿ ಹೋಯ್ತದೆ."

"ಇದು ಬೆಂಗಳೂರಿಂದು ಅಜ್ಜಿ, ಹತ್ತು ಕೆಜಿ ತಡೀತದೆ," ಎಂದೆ.

"ಹತ್ತು ಕೆಜಿ ಮೀನು ಎಲ್ಲೈತೆ ಇಲ್ಲಿ?"

ಅವರು ಕಡ್ಡಿಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರು. ಒಣಗಿದ್ದು ಮುರಿಯಿತು, ಹಸಿಯದು ಬಗ್ಗಿ ಹಾಗೇ ಉಳಿಯಿತು. ಬಗ್ಗಿಸಿ ಬಿಟ್ಟೊಡನೆ ನೆಟ್ಟಗಾದ ಒಂದನ್ನು ನನ್ನ ಕೈಯಿಂದಲೇ ಕೋಲಿನ ತುದಿಗೆ ಕಟ್ಟಿಸಿ, ದಾರವನ್ನು ಅದಕ್ಕೂ ಒಂದು ಸುತ್ತು ಹಾಕಿಸಿದರು. "ಕೈ ನಂಬಬೇಡ, ಕಡ್ಡಿ ನೋಡು. ಅದು ತಲೆ ಬಗ್ಗಿಸಿದ ತಕ್ಷಣ ಎತ್ಬುಡು."

ಕಡ್ಡಿ ಕೂದಲೆಳೆಯಷ್ಟು ಬಾಗಿತು. ಎತ್ತಿದೆ, ಅಂಗೈ ಅಗಲದ ಮೀನು! ಗಂಟೆಯೊಳಗೆ ಚೀಲ ತುಂಬಿತು.

ಅರ್ಧ ಅವರಿಗೆ ಕೊಡಲು ಹೋದರೆ ಸೆರಗು ಎಳೆದುಕೊಂಡು ಹಿಂದೆ ಸರಿದರು. "ಅಯ್ಯೋ, ದೂರ ಇಡಪ್ಪ! ನಾವು ಮೀನು ಮುಟ್ಟೋರಲ್ಲ."

"ಮತ್ತೆ ಇಷ್ಟೆಲ್ಲ ಹೆಂಗೆ ಗೊತ್ತು?"

"ದಿನಾ ಇಲ್ಲೇ ಕೂತಿರ್ತೀನಲ್ಲ, ನಿನ್ನಂಥೋರ್ನ ನೋಡ್ಕೊಂಡು."

ಅಂದಿನಿಂದ ಗಾಳ ಹಾಕುವ ಮುಂಚೆ, ಹಿಂದೆ ಯಾರು ಕೂತಿದ್ದಾರೆಂದು ಒಮ್ಮೆ ತಿರುಗಿ ನೋಡಿಕೊಳ್ಳುತ್ತೇನೆ.