ರೂಬಿ ತಲೆ ಎತ್ತಿದ ದಿನ

2000ರ ದಶಕದ ನಡುಭಾಗ, ಗಣಿ ಭರಾಟೆ ಜೋರಾಗಿದ್ದ ಕಾಲ. ಸೈನ್ಯದಲ್ಲಿ ನಾಯಿಗಳ ತರಬೇತುದಾರನಾಗಿದ್ದ ನಾನು ನಿವೃತ್ತನಾಗಿ ಕಮಲಾಪುರಕ್ಕೆ ಮರಳಿ, ಸ್ಪರ್ಧೆಗೆ ನಾಯಿ ತಯಾರು ಮಾಡಿಕೊಡುತ್ತಿದ್ದೆ. ಅದಿರಿನಲ್ಲಿ ದುಡ್ಡು ಕಂಡವರಿಗೆ ದೊಡ್ಡ ಕಾರಿನ ಜೊತೆ ಜಾತಿನಾಯಿಯೂ ಬೇಕಿತ್ತು, ಆ ನಾಯಿಗೊಂದು ಬಹುಮಾನದ ಕಪ್ಪೂ ಬೇಕಿತ್ತು. ನನಗೆ ಕೈತುಂಬ ಕೆಲಸ. ಒಂದಿಷ್ಟು ತಿಮಿರೂ ಇತ್ತು ಅನ್ನಿ.

ಜಾಡು ಹಿಡಿಯುವ ಸ್ಪರ್ಧೆಯಲ್ಲಿ ಮುಖ್ಯವಾಗಿ ಎರಡು ಪದ್ಧತಿ. ಟ್ರೇಲಿಂಗ್‌ನಲ್ಲಿ ನಾಯಿ ತಲೆ ಎತ್ತಿ, ಗಾಳಿಯಲ್ಲಿ ಬರುವ ಮನುಷ್ಯನ ವಾಸನೆ ಹಿಡಿದು, ಅಡ್ಡದಾರಿಯಲ್ಲಾದರೂ ಸರಿ, ಆಸಾಮಿಯನ್ನು ಮುಟ್ಟಿದರಾಯಿತು. ಟ್ರ್ಯಾಕಿಂಗ್‌ನಲ್ಲಿ ಹಾಗಲ್ಲ. ಮೂಗು ನೆಲ ಬಿಡದೆ ಒಂದೊಂದೇ ಹೆಜ್ಜೆ ಮೂಸುತ್ತ, ಆತ ಸುತ್ತಿದಂತೆಯೇ ಸುತ್ತಬೇಕು. ತಲೆ ಎತ್ತಿದರೆ ಅಂಕ ಕಡಿತ.

ರೂಬಿ ಸಂಡೂರಿನ ಟಿಪ್ಪರ್ ಮಾಲೀಕರೊಬ್ಬರ ಜರ್ಮನ್ ಶೆಫರ್ಡ್. ಹುಟ್ಟಾ ತಲೆ ಎತ್ತುವವಳು. ಹಂಪಿ ಬಜಾರಿನ ಗದ್ದಲದಲ್ಲಿ ಯಾರು ಕಲ್ಲುಕಂಬದ ಹಿಂದೆ ಅಡಗಿದರೂ ಎರಡೇ ನಿಮಿಷಕ್ಕೆ ಹೋಗಿ ಎದೆಗೆ ಮುಂಗಾಲು ಇಡುತ್ತಿದ್ದಳು. ಮಾಲೀಕರಿಗೆ ಬೇಕಿದ್ದದ್ದು ಮಾತ್ರ ಟ್ರ್ಯಾಕಿಂಗ್ ಕಪ್. ಕಂಪ್ಲಿಯ ಕೊಯ್ಲಾದ ಗದ್ದೆಗಳಲ್ಲಿ ಹೆಜ್ಜೆಗೊಂದು ಕೋಳಿ ಮಾಂಸದ ಚೂರು ಇಟ್ಟು ಎಂಟು ತಿಂಗಳು ತಿದ್ದಿದೆ. ತಲೆ ಎತ್ತಿದಾಗಲೆಲ್ಲ ಹಗ್ಗ ಜಗ್ಗಿದೆ.

ಸ್ಪರ್ಧೆಗೆ ಹನ್ನೆರಡು ದಿನ ಇರುವಾಗ, ಬೆಳಿಗ್ಗೆ ಮಾಲೀಕರ ಫೋನ್ ಬಂತು. ಅವರ ಡ್ರೈವರ್ ಯಂಕಪ್ಪನ ಹೆಂಡತಿ ಹುಲಿಗೆಮ್ಮ ಹಿಂದಿನ ದಿನ ಮಧ್ಯಾಹ್ನ ಸೀತಾಫಲ ಕೀಳಲು ಸಂಡೂರಿನ ಗುಡ್ಡಕ್ಕೆ ಹೋದವಳು ಮರಳಿರಲಿಲ್ಲ. ಎಂಟು ಗಂಟೆಗೆ ನಾನೂ ರೂಬಿಯೂ ಗುಡ್ಡದ ಬುಡದಲ್ಲಿದ್ದೆವು. ಯಂಕಪ್ಪ ಅವಳ ರವಿಕೆಯೊಂದನ್ನು ಮಡಚಿ ಹಿಡಿದು ನಿಂತಿದ್ದ.

"ಅಕಿ ಕೂಗಿದ್ರೂ ಕೇಳ್ಸಂಗಿಲ್ರಿ ಸಾರ್, ಈ ಟಿಪ್ಪರ್ ಸಪ್ಪಳದಾಗ" ಅಂದ.

ರೂಬಿ ರವಿಕೆ ಮೂಸಿ ಜಾಡು ಹಿಡಿದಳು. ನಲವತ್ತು ಹೆಜ್ಜೆ ಹೋಗಿರಬೇಕು, ನಿಂತು ಎಡಗಡೆಯ ಕೊಳ್ಳದತ್ತ ಮೂಗೆತ್ತಿದಳು. ಹಗ್ಗ ಜಗ್ಗಿದೆ. ತಗ್ಗಿಸಿ, ಮತ್ತೆ ಎತ್ತಿದಳು. ಮತ್ತೆ ಜಗ್ಗಿದೆ.

"ಸಾರ್, ನಾಯಿ ಆ ಕಡಿ ನೋಡಕತ್ತೈತಿ. ಒಂದೀಟು ಹೋಗಿ ನೋಡಾನ ಬರ್ರಿ."

"ಸುಮ್ನಿರಪ್ಪ. ನಾಯಿ ಕೆಲಸ ನಿಂಗೊತ್ತಾ, ನಂಗೊತ್ತಾ?"

ಮೂರನೆಯ ಸಲ ರೂಬಿ ತಲೆ ಎತ್ತಲಿಲ್ಲ. ಹುಲಿಗೆಮ್ಮ ಸುತ್ತಿದ ಪ್ರತಿ ಗಿಡವನ್ನೂ ಸುತ್ತಿದೆವು. ಎಂಥ ಅಚ್ಚುಕಟ್ಟು ಟ್ರ್ಯಾಕಿಂಗ್ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಥೂ, ಈಗ ನೆನೆಸಿಕೊಂಡರೆ ನನ್ನ ಮೇಲೇ ಅಸಹ್ಯವಾಗುತ್ತದೆ. ಎರಡೂವರೆ ಗಂಟೆಯ ನಂತರ ಜಾಡು ಟಿಪ್ಪರ್ ರಸ್ತೆಯ ಕೆಂಧೂಳಿನಲ್ಲಿ ಕಡಿದುಹೋಯಿತು. ರೂಬಿ ಅಲ್ಲಲ್ಲೇ ಸುತ್ತಿದಳು.

ಯಂಕಪ್ಪ ಬಂದ ದಾರಿಯಲ್ಲೇ ಇಳಿದು, ಮೊದಲು ರೂಬಿ ಮೂಗೆತ್ತಿದ್ದ ಕೊಳ್ಳಕ್ಕೆ ನುಗ್ಗಿದ. ನಾವು ಹಿಂದೆ ಓಡಿದೆವು. ಹುಲಿಗೆಮ್ಮ ರಸ್ತೆ ದಾಟಿ, ಇನ್ನೊಂದು ಬದಿಯಿಂದ ಅದೇ ಕೊಳ್ಳಕ್ಕೆ ಇಳಿಯುವಾಗ ಗಣಿಮಣ್ಣಿನ ರಾಶಿಯಲ್ಲಿ ಜಾರಿ ಅಲ್ಲಿ ಬಿದ್ದಿದ್ದಳು. ತೊಡೆ ಮುರಿದಿತ್ತು. ಉಡಿಯಲ್ಲಿ ಹಣ್ಣು ಹಾಗೇ ಇದ್ದವು.

"ಇನ್ನಾ ಬೆಚ್ಚಗದಾಳ್ರಿ ಸಾರ್" ಎಂದ ಯಂಕಪ್ಪ, ಅವಳ ಕೆನ್ನೆ ಹಿಡಿದುಕೊಂಡು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾವು ಮುಟ್ಟುವ ಹೊತ್ತಿಗೆ ಪ್ರಾಣ ಹೋಗಿ ಒಂದು ತಾಸೂ ಆಗಿರಲಿಕ್ಕಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು.

ಸ್ಪರ್ಧೆಗೆ ಹೋಗಬಾರದಿತ್ತು, ಹೋದೆ. ರೂಬಿಗೆ ಮೊದಲ ಸ್ಥಾನ ಬಂತು. "ಒಂದ್ಸಲಾನೂ ತಲೆ ಎತ್ತಲಿಲ್ಲ ನೋಡ್ರಿ" ಎಂದು ತೀರ್ಪುಗಾರರು ನನ್ನ ಬೆನ್ನು ತಟ್ಟಿದರು.

ನಾಯಿಗೆ ಕಲಿಸುವುದಕ್ಕಿಂತ, ಅದಕ್ಕೆ ಗೊತ್ತಿರುವುದನ್ನು ಕೆಡಿಸದಿರುವುದೇ ದೊಡ್ಡ ಕೆಲಸ ಎಂದು ಆ ಉದ್ಯೋಗ ನನಗೆ ಕಲಿಸಿತು. ತಡವಾಗಿ ಕಲಿಸಿತು. ಮುಂದಿನ ವಾರ ರೂಬಿಯನ್ನು ಹಂಪಿ ಬಜಾರಿಗೆ ಕರೆದೊಯ್ದು, ಪರಿಚಯದ ಅಂಗಡಿಯವರೊಬ್ಬರನ್ನು ಕಂಬದ ಹಿಂದೆ ನಿಲ್ಲಿಸಿ, ಹಗ್ಗ ಪೂರ್ತಿ ಸಡಿಲ ಬಿಟ್ಟೆ. ಗಾಳಿ ಅವರ ಕಡೆಯಿಂದಲೇ ಬೀಸುತ್ತಿತ್ತು. ರೂಬಿ ಅರ್ಧ ತಲೆ ಎತ್ತಿದಳು. ತಿರುಗಿ ನನ್ನ ಕೈ ನೋಡಿದಳು. ನಾನು ಜಗ್ಗಲಿಲ್ಲ, ಅವಳೇ ತಗ್ಗಿಸಿದಳು.