ಎರಡು ಸೃಷ್ಟಿಕಥೆಗಳ ಪಾಠ

ಸುಗುಣಕ್ಕ, ಆ ಪಾಠ ಹೇಳಿಕೊಟ್ಟವನು ನಾನೇ. ಸಭೆಯ ಹಿರಿಯರ ಮುಂದೆ ಅಲ್ಲವೆಂದೆ — ಸುಳ್ಳು ಹೇಳಿದೆ.

ಎರಡು ಸಾವಿರದ ಐದಾರರ ಸುಮಾರು. ಡೊಂಬಿವಲಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಶನಿವಾರ ಸಂಜೆ ದೊಡ್ಡವರಿಗೆ ಬೈಬಲ್ ಅಧ್ಯಯನದ ತರಗತಿ ನಡೆಸುತ್ತಿದ್ದೆ. ನೀವು ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬರುತ್ತಿದ್ದಿರಿ. ಒಂದು ದಿನ ಆದಿಕಾಂಡದ ಮೊದಲೆರಡು ಅಧ್ಯಾಯಗಳನ್ನು ಪಕ್ಕಪಕ್ಕದಲ್ಲಿ ಬರೆಸಿದೆ. ಒಂದರಲ್ಲಿ ಪ್ರಾಣಿಗಳು ಮೊದಲು, ಮನುಷ್ಯ ಆಮೇಲೆ. ಇನ್ನೊಂದರಲ್ಲಿ ಮನುಷ್ಯನೇ ಮೊದಲು. ಬೇರೆ ಬೇರೆ ಕಾಲದ, ಬೇರೆ ಬೇರೆ ಕೈಗಳ ಬರಹ ಎನ್ನುತ್ತಾರೆ ಪಂಡಿತರು ಎಂದೆ. ಉಳಿದವರು ಮುಖ ಸಿಂಡರಿಸಿದರು. ನೀವು ಮಾತ್ರ, "ಹಾಗಾದ್ರೆ ಇಬ್ರು ಹೇಳಿದ್ದನ್ನೂ ಬಿಡದೆ ಇಟ್ಕೊಂಡಿದ್ದಾರಲ್ಲ ಮಾಸ್ಟ್ರೇ, ಎಷ್ಟು ಚಂದ!" ಎಂದಿರಿ.

ಆ ಚಂದವನ್ನು ನೀವು ಪಾಠ ಮಾಡುತ್ತಿದ್ದ ಸಂಡೇ ಸ್ಕೂಲ್ ಮಕ್ಕಳಿಗೂ ತೋರಿಸಿದಿರಿ. ಮಕ್ಕಳ ತಂದೆತಾಯಂದಿರು ಗಲಾಟೆ ಎಬ್ಬಿಸಿದರು. ದೊಡ್ಡವರ ಪಾಠ ಚಿಕ್ಕವರಿಗೆ ಈಗಲೇ ಬೇಡ ಎಂದು ನಾನು ಎಚ್ಚರಿಸಬೇಕಿತ್ತು — ಎಚ್ಚರಿಸಲಿಲ್ಲ.

ಆರಾಧನೆ ಮುಗಿದ ಮೇಲೆ ಹಿರಿಯರು ನಮ್ಮಿಬ್ಬರನ್ನೂ ಕರೆಸಿದರು. "ದೇವರ ವಾಕ್ಯದಲ್ಲಿ ತಪ್ಪು ಹುಡುಕ್ಲಿಕ್ಕೆ ಇವ್ರಿಗೆ ಕಲಿಸಿದ್ದು ಯಾರು? ನೀವಾ?" ಎಂದು ನನ್ನನ್ನು ಕೇಳಿದರು.

ನೀವು ನನ್ನ ಕಡೆ ನೋಡಿದಿರಿ. ಹೌದು ಎಂದರೆ ನನಗೆ ಆರಾಧನೆಯಲ್ಲಿ ನಿಂತು ಪ್ರಸಂಗ ಮಾಡುವ ಅವಕಾಶ ತಪ್ಪುತ್ತಿತ್ತು — ಅಷ್ಟೇ, ಜೀವವೇನೂ ಹೋಗುತ್ತಿರಲಿಲ್ಲ.

"ಇಲ್ಲ, ನಮ್ಮ ಕ್ಲಾಸಲ್ಲಿ ಇಂಥದ್ದೆಲ್ಲ ಹೇಳಿಕೊಡುದಿಲ್ಲ" ಎಂದೆ.

ನಿಮ್ಮ ನೋಟ್‌ಬುಕ್ ಕೈಯಲ್ಲೇ ಇತ್ತು. ಅದರ ತುಂಬ ನನ್ನ ಅಕ್ಷರದ ತಿದ್ದುಪಡಿಗಳು. ನೀವು ಅದನ್ನು ತೆರೆಯಲಿಲ್ಲ. ಒಂಬತ್ತು ವರ್ಷ ನಡೆಸಿದ ಮಕ್ಕಳ ತರಗತಿಯನ್ನು ನಿಮ್ಮಿಂದ ಕಿತ್ತುಕೊಂಡರು.

ಮುಂದಿನ ತಿಂಗಳು, ಪೇತ್ರನು ತನ್ನ ಗುರು ಯೇಸುವನ್ನೇ ಅರಿಯೆನೆಂದ ಭಾಗ ನನ್ನ ಪಾಲಿಗೆ ಬಂತು. ಪ್ರಸಂಗ ಮಾಡಿಯೂ ಮಾಡಿದೆ! ಸ್ವರ ನಡುಗಲಿಲ್ಲ. ನೀವು ಎದುರಿನ ಬೆಂಚಿನಲ್ಲಿ ಕೂತು ಕೇಳಿದಿರಿ, ಹೊರಗೆ "ಬರ್ತೇನೆ ಮಾಸ್ಟ್ರೇ" ಎಂದಿರಿ. ಮತ್ತೆ ಬರಲಿಲ್ಲ. ಛೆ, ಒಂದು ಸಲ ಬೈದಿದ್ದರಾದರೂ...

ಹತ್ತು ವರ್ಷ ಕಳೆಯಿತು. ಕಲ್ಯಾಣದಲ್ಲಿದ್ದೀರಿ ಎಂದು ಗೊತ್ತು. ಇಲ್ಲಿಂದ ಎರಡೇ ಸ್ಟೇಷನ್. ಮನೆಗೆ ಬಂದು ಕ್ಷಮೆ ಕೇಳಿದರೆ ಚಹಾ ಕೊಟ್ಟು ಕಳಿಸುತ್ತೀರಿ. ಅಷ್ಟು ಸುಲಭವಾಗಿ ಮುಗಿಸಿಕೊಳ್ಳಲಾರೆ. ಬರುವ ಭಾನುವಾರ ಸಭೆಯ ಎದುರು ನಿಂತು ಹೇಳುತ್ತೇನೆ: ಕಲಿಸಿದ್ದು ನಾನು, ಇಲ್ಲವೆಂದದ್ದು ಸುಳ್ಳು. ನಿಮ್ಮ ಆ ಮಕ್ಕಳು ಈಗ ಗಾಯನಮಂಡಳಿಯಲ್ಲಿದ್ದಾರೆ. ನೀವು ತಪ್ಪು ಮಾಡಿ ಹೋದವರೆಂದೇ ನಂಬಿ ಬೆಳೆದವರು. ಅವರ ಮುಖ ನೋಡಿಯೇ ಹೇಳುತ್ತೇನೆ.