ಅಕ್ಕನ ಕ್ಲಚ್ ಹಿಡಿ

ವಿಮಾ ಕಂಪನಿಯ ಸರ್ವೇಯರ್ ನನ್ನ ಅಕ್ಕನನ್ನು ಒಮ್ಮೆಯೂ ನೇರವಾಗಿ ಮಾತಾಡಿಸಲಿಲ್ಲ. ಇದು ನನ್ನ ಡೈರಿಯಲ್ಲಿದೆ, ಅಕ್ಕನ ನೆನಪಿನಲ್ಲೂ ಇದೆ. ಆದ್ದರಿಂದ ಇಷ್ಟನ್ನು ಧೈರ್ಯವಾಗಿ ಬರೆಯಬಲ್ಲೆ. ಉಳಿದದ್ದರಲ್ಲಿ ಯಾವುದು ನಡೆದದ್ದು, ಯಾವುದು ನನ್ನ ಹೇಸಿಗೆ ಆಮೇಲೆ ಸೇರಿಸಿಕೊಂಡದ್ದು ಎಂದು ಬೇರ್ಪಡಿಸುವುದು ಕಷ್ಟ.

ಅಪಘಾತ ಆದದ್ದು ಬಂಗಾರಪೇಟೆಯ ಬಸ್ ನಿಲ್ದಾಣದ ಹತ್ತಿರ. ಮುಂದೆ ಬಸ್ಸು ಜನರನ್ನು ಇಳಿಸುತ್ತಿತ್ತು. ಅಕ್ಕ ಅದರ ಹಿಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಳು; ಹಿಂದಿನ ಸೀಟಿನಲ್ಲಿ ಒಂದು ಮದುವೆ ಮನೆಗೆ ಕೊಡಬೇಕಾದ ರವಿಕೆಗಳ ಗಂಟು. ಟೊಮೆಟೊ ತುಂಬಿದ ಟೆಂಪೊ ಹಿಂದಿನಿಂದ ಬಂದು ಗುದ್ದಿ, ಕಾರನ್ನು ಬಸ್ಸಿಗೆ ಒತ್ತಿತು. ಅಕ್ಕನ ಭುಜ ಊದಿಕೊಂಡಿತು, ಅಷ್ಟೆ. ತಪ್ಪು ತನ್ನದೆಂದು ಟೆಂಪೊದವನೇ ಪೊಲೀಸರ ಮುಂದೆ ಹೇಳಿದ. ಕಾರು ಮಾತ್ರ ಎರಡೂ ಕಡೆಯಿಂದ ಅಮುಕಿದ ಡಬ್ಬಿಯ ಹಾಗಾಗಿತ್ತು.

ಅಕ್ಕನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಶಕ್ತಿಯಿಲ್ಲ. ಕ್ಯಾಸಂಬಳ್ಳಿ ಹತ್ತಿರದ ನಮ್ಮ ಹಳ್ಳಿಯಿಂದ ರಾಬರ್ಟ್‌ಸನ್‌ಪೇಟೆಯ ತನ್ನ ಟೈಲರಿಂಗ್ ಅಂಗಡಿಗೆ ಅವಳು ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವಳು. ಮೆಟ್ಟಿಲು ಹತ್ತಬೇಕಾದರೆ ಯಾರಾದರೂ ರಟ್ಟೆ ಹಿಡಿದು ಎಳೆದುಕೊಳ್ಳಬೇಕಿತ್ತು. ಹಿಡಿದ ಕೈಗಳೆಲ್ಲ ಒಳ್ಳೆಯವಾಗಿರುತ್ತಿರಲಿಲ್ಲ. ಕಾರು ಬಂದ ಮೇಲೆ ಅದು ನಿಂತಿತು. ಹಿಂದೆ ಗಣಿಯಲ್ಲಿ ಫಿಟ್ಟರ್ ಆಗಿದ್ದ ಒಬ್ಬ ತಾತ ಗೇರ್ ರಾಡಿಗೆ ಒಂದು ಹಿಡಿ ಮಾಡಿಕೊಟ್ಟರು. ಸ್ಕೂಟರಿನ ಕ್ಲಚ್ಚಿನ ಹಾಗೆ ಬೆರಳಲ್ಲಿ ಅಮುಕಿದರೆ ಕೇಬಲ್ ಎಳೆದು ಕೆಳಗಿನ ಪೆಡಲ್ ಇಳಿಯುತ್ತದೆ, ಎಡಗಾಲು ಬೇಕಿಲ್ಲ. ಅಕ್ಕನ ಬೆರಳು ಗಿಡ್ಡ. ಅವಳು ಹಿಡಿದು ತೋರಿಸಿದಂತೆಲ್ಲ ತಾತ ಅದನ್ನು ಬಗ್ಗಿಸಿ, ಅರದಲ್ಲಿ ಉಜ್ಜಿ, ಮತ್ತೆ ಬಗ್ಗಿಸಿ ಕೊಟ್ಟಿದ್ದರು. ಅವರು ಈಗಿಲ್ಲ. ಹಿಡಿಯ ವಿಷಯ ಆರ್‌ಸಿಯಲ್ಲಿ ನಮೂದಾಗಿತ್ತು. ವಿಮೆಯನ್ನು ಪ್ರತಿ ವರ್ಷ ಫೋನಿನಲ್ಲೇ ನವೀಕರಿಸುತ್ತಿದ್ದೆವು. ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ವಿಮಾ ಕಂಪನಿ ಕಳಿಸಿದ ಸರ್ವೇಯರ್ ರಾಬರ್ಟ್‌ಸನ್‌ಪೇಟೆಯ ಗ್ಯಾರೇಜಿಗೆ ಬಂದ. ನಜ್ಜುಗುಜ್ಜಾದ ಕಾರನ್ನು ನೋಡುವ ಮೊದಲು ಅಕ್ಕನ ಕಾಲು ನೋಡಿದ.

"ಅವ್ರಿಗೆ ಹುಟ್ಟಿದಾಗಿಂದ್ಲೂ ಹಿಂಗೇನಾ ಸರ್?" ಎಂದು ನನ್ನನ್ನು ಕೇಳಿದ.

"ಕಾರು ನಿಂತಿತ್ತು," ಎಂದೆ.

"ಗೊತ್ತು ಸರ್, ಪ್ರೊಸೀಜರ್ ಅಷ್ಟೆ. ಬ್ರೇಕ್ ಯಾವ ಕಾಲಲ್ಲಿ ಹಾಕ್ತಾರೆ ಅಂತ ಸ್ವಲ್ಪ ಕೇಳಿ."

ಅಕ್ಕ ಸ್ಟೂಲಿನ ಮೇಲೆ ಕೂತಲ್ಲಿಂದಲೇ, "ಬಲಗಾಲಲ್ಲಿ ಆಕ್ತಾಳಂತೆ ಅಂತ ಏಳ್ಲಾ. ಕಿವಿ ಎರಡೂ ಕೇಳುಸ್ತದಂತೆ, ಅದ್ನೂ ಬರ್ಕಳಾಕೇಳು," ಎಂದಳು.

ಗ್ಯಾರೇಜಿನವನು ನಕ್ಕ. ಸರ್ವೇಯರ್ ನಗಲಿಲ್ಲ. ಎಡ ಬಾಗಿಲಿನ ಮೇಲಿದ್ದ ಒಂದು ಗೀರು ತೋರಿಸಿ, "ಇದು ಮೊದ್ಲೇ ಇತ್ತಾ ಸರ್?" ಎಂದ.

ಇಲ್ಲ ಎನ್ನಬಹುದಿತ್ತು. ನನಗೆ ಹಾಗೆ ಹೇಳಲು ಬರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುವಾಗ ಅಂಟಿದ ರೋಗ: ಆಧಾರವಿಲ್ಲದೆ ಮಾತಾಡಬಾರದು. ಆ ಬಾಗಿಲನ್ನು ಮೊದಲಿದ್ದ ಹಾಗೆ ಕಣ್ಣೆದುರು ತಂದುಕೊಳ್ಳಲು ನೋಡಿದೆ. ಒಮ್ಮೆ ಗೀರು ಕಂಡಿತು, ಒಮ್ಮೆ ಕಾಣಲಿಲ್ಲ. "ಇದ್ದರೂ ಇರಬಹುದು," ಎಂದೆ.

ವರದಿಯಲ್ಲಿ ಅದು ಹೀಗಾಗಿತ್ತು: ಹಳೆಯ ಹಾನಿ ಇದ್ದುದನ್ನು ಮಾಲೀಕರ ಸಹೋದರರು ಒಪ್ಪಿಕೊಂಡಿದ್ದಾರೆ.

ಕಾರು ‘ಟೋಟಲ್ ಲಾಸ್’ ಎಂದು ತೀರ್ಮಾನವಾಯಿತು. ರಿಪೇರಿಗೆ ವಿಪರೀತ ಖರ್ಚಾಗುವುದಾದರೆ ಕಂಪನಿ ರಿಪೇರಿ ಮಾಡಿಸುವುದಿಲ್ಲ. ಕಾರಿನ ಬೆಲೆ ಕೊಟ್ಟು, ಉಳಿದದ್ದನ್ನು ಗುಜರಿಯವರಿಗೆ ಮಾರಿಸುತ್ತದೆ. ಆ ತೀರ್ಮಾನದ ಬಗ್ಗೆ ನಮಗೆ ತಕರಾರಿರಲಿಲ್ಲ. ಆದರೆ ಪಾಲಿಸಿಯಲ್ಲಿದ್ದ ಬೆಲೆಯಿಂದ ಗೀರಿಗೆ, ಸವೆದ ಟಯರಿಗೆ, ಇನ್ನೇನೇನಕ್ಕೋ ಕಳೆದಿದ್ದರು. ಹಿಡಿಗೆಂದು ಕೊಟ್ಟದ್ದು ಏನೂ ಇಲ್ಲ. ಫೋನ್ ಮಾಡಿದರೆ ಕಂಪನಿಯ ಹೆಣ್ಣುಮಗಳೊಬ್ಬಳು ತುಂಬ ಮೃದುವಾಗಿ, ಅದು ಪಾಲಿಸಿಯಲ್ಲಿ ಬರೆಸದ ಹೆಚ್ಚುವರಿ ಫಿಟ್ಟಿಂಗ್, ನಮ್ಮ ಪಾಲಿಗೆ ಅದು ಇಲ್ಲವೇ ಇಲ್ಲ ಸರ್, ಎಂದಳು.

"ಇಲ್ವೇ ಇಲ್ಲ ಅಂದ್ರೆ ಬಿಚ್ಕಳನ ಬಿಡು," ಎಂದಳು ಅಕ್ಕ. "ಇದೇ ತರದ್ದು ಒಂದು ಅಳೇ ಕಾರು ತಗಂಡು ಆಕುಸ್ಕಂತೀನಿ."

ಮತ್ತೆ ಫೋನ್ ಮಾಡಿ ಕೇಳಿದೆ. ಬಿಚ್ಚುವಂತಿಲ್ಲ. ಫೋಟೊದಲ್ಲಿರುವ ಸ್ಥಿತಿಯಲ್ಲೇ ಕಾರು ಒಪ್ಪಿಸಬೇಕು. ಒಂದು ಬೋಲ್ಟ್ ಕಡಿಮೆಯಾದರೂ ಕ್ಲೇಮ್ ನಿಲ್ಲುತ್ತದೆ. ಬೆಲೆ ಕೊಡುವಾಗ ಇಲ್ಲದ ವಸ್ತು, ತೆಗೆದುಕೊಂಡು ಹೋಗುವಾಗ ಅವರದು. ಹಿಡಿ ಬೇಕಾದರೆ ಬೆಂಗಳೂರಿನಲ್ಲಿ ಕಿಟ್ ಸಿಗುತ್ತದಲ್ಲ ಸರ್, ಎಂದು ಅದೇ ಮೃದು ದನಿ ಸಲಹೆಯನ್ನೂ ಕೊಟ್ಟಿತು. ಫೋನ್ ಇಟ್ಟ ಮೇಲೆ ನನಗಾದದ್ದು ಕೋಪವಲ್ಲ. ಬಸ್ಸಿನ ಸೀಟಿನ ಅಡಿಗೆ ಕೈ ಹೋದಾಗ ಯಾರೋ ಅಂಟಿಸಿ ಹೋದದ್ದು ಬೆರಳಿಗೆ ಮೆತ್ತಿಕೊಂಡ ಹಾಗೆ. ಕೈ ತೊಳೆಯಬೇಕೆನಿಸಿತು. ತೊಳೆದೆ ಕೂಡ.

ಆಮೇಲೆ ಕೂತು ತಕರಾರು ಪತ್ರ ಬರೆದೆ. ಅವರದೇ ಷರತ್ತುಗಳನ್ನು ಎತ್ತಿ ತೋರಿಸಿ, ‘ಇರಬಹುದು’ ಎನ್ನುವುದು ಒಪ್ಪಿಗೆಯಲ್ಲ ಎಂದು ವಾದಿಸಿ, ಹಿಡಿಯ ಬಗ್ಗೆ ಒಂದು ಪುಟ. ಪತ್ರ ಚೆನ್ನಾಗಿತ್ತು. ಅಂಗಡಿಗೆ ಹೋಗಿ ಅಕ್ಕನಿಗೆ ಓದಿ ಹೇಳಿದೆ. ಅವಳು ಹಲ್ಲಲ್ಲಿ ದಾರ ಕಡಿದು, "ಬೆಂಗ್ಳೂರ್ ಕಿಟ್ಗೆ ಏನ್ ಬರ್ದೆ?" ಎಂದಳು.

"ಅದು ಸೂಕ್ತವಲ್ಲ ಅಂತ."

"ಅಂಗಲ್ಲ. ರೆಡಿಮೇಡ್ ಬ್ಲೌಸ್ ಆಕ್ಕಂಡು ಕಂಕ್ಳು ಕೆರ್ಕಳೋರೆಲ್ಲ ಕೊನೀಗೆ ನನ್ನತ್ರಾನೇ ಬರೋದು ಅಂತ ಬರಿ."

ಪತ್ರಕ್ಕೆ ಉತ್ತರ ಬರಲಿಲ್ಲ. ಬದಲಿಗೆ ಸರ್ವೇಯರನೇ ಮತ್ತೆ ಗ್ಯಾರೇಜಿಗೆ ಬಂದ, ಜೊತೆಗೆ ಆಂಧ್ರದ ಕಡೆಯ ಒಬ್ಬ ಗುಜರಿ ವ್ಯಾಪಾರಿ. ಅಕ್ಕ ವ್ಯಾಪಾರಿಗೆ ತೆಲುಗಿನಲ್ಲಿ ವಿಷಯ ಹೇಳಿ ಹಿಡಿ ತೋರಿಸಿದಳು. ಅವನು ಬಗ್ಗಿ ನೋಡಿ, "ಇದಿ ನಾಕೆಂದುಕಮ್ಮಾ, ತೀಸ್ಕೋ," ಎಂದ. ನನಗೇಕಮ್ಮಾ ಇದು, ತಗೋ, ಎಂದು. ಕೊಳ್ಳುವವನೇ ಬೇಡವೆಂದ ಮೇಲೆ ಮುಗಿಯಿತು ಎಂದುಕೊಂಡೆ.

ಸರ್ವೇಯರ್ ನನ್ನ ಹೆಗಲ ಮೇಲೆ ಕೈ ಹಾಕಿ ಗೇಟಿನ ಕಡೆ ಕರೆದುಕೊಂಡು ಹೋದ. ಒದ್ದೆ ಕೈ, ಅಂಗಿಯ ಮೂಲಕ ಗೊತ್ತಾಗುತ್ತಿತ್ತು.

"ನಾನೂ ಮನುಷ್ಯನೇ ಸರ್. ಆ ಹಿಡಿ ನನ್ ಕಣ್ಣಿಗೆ ಬಿದ್ದೇ ಇಲ್ಲ ಅಂದ್ಕೊಳ್ಳೋಣ. ನೀವೂ ಆ ಲೆಟರ್ ವಾಪಸ್ ತಗೊಂಡು ಕಂಪನಿ ಕೊಟ್ಟಷ್ಟಕ್ಕೆ ಒಪ್ಪಿಗೆ ಅನ್ನೋ ಪತ್ರಕ್ಕೆ ಸೈನ್ ಮಾಡಿಸಿಬಿಡಿ. ಅಕ್ಕೋರ ಕಷ್ಟ ನೋಡಿ ಹೇಳ್ತಿದೀನಿ."

ಲಂಚ ಕೇಳಿದ್ದರೆ ಅದಕ್ಕೊಂದು ಹೆಸರಾದರೂ ಇತ್ತು. ಇವನು ನಮ್ಮದನ್ನೇ ನಮಗೆ ದಯೆಯೆಂದು ಕೊಡುತ್ತಿದ್ದ, ಅದಕ್ಕೂ ಬೆಲೆ ಕಟ್ಟುತ್ತಿದ್ದ. ಚೀಲದಿಂದ ಪತ್ರ ತೆಗೆದ. ‘ಪೂರ್ಣ ತೃಪ್ತಿಯಿಂದ, ಯಾರ ಒತ್ತಾಯವೂ ಇಲ್ಲದೆ’ ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು.

ವಿಮಾ ಲೋಕಪಾಲರಿಗೆ ದೂರು ಕೊಡುತ್ತೇವೆ ಎಂದೆ.

"ಕೊಡಿ ಸರ್, ನಿಮ್ಮ ಹಕ್ಕು. ಅಲ್ಲಿವರೆಗೂ ಗಾಡಿ ಇಲ್ಲೇ ಇರುತ್ತೆ. ಅಕ್ಕೋರು ಬಸ್ಸಲ್ಲಿ ಓಡಾಡ್ತಾರೆ, ಅಷ್ಟೇ ತಾನೆ?"

ಅಕ್ಕ ಯಾವಾಗ ಗೇಟಿನ ತನಕ ನಡೆದು ಬಂದಳೋ ನಾನು ನೋಡಲಿಲ್ಲ. "ಎಲ್ಲಿ ಆಕ್ಬೇಕು ಸೈನು?" ಎಂದಳು, ನೇರ ಅವನನ್ನೇ ನೋಡಿ.

ಅವನು ನನ್ನ ಮುಖ ನೋಡಿದ.

"ಸುಮ್ನಿರಕ್ಕಾ. ದೂರು ಕೊಟ್ರೆ ಗೆಲ್ತೀವಿ."

"ಗೆಲ್ಲು. ಅಲ್ಲೀಗಂಟ ದಿನಾ ನನ್ ರಟ್ಟೆ ಇಡ್ಕಂಡು ಬಸ್ಸತ್ಸೋದು ಯಾರ್ಲಾ? ನಿನ್ ಲೆಟ್ರಾ?"

ಅಕ್ಕ ಗ್ಯಾರೇಜಿನವನನ್ನು ಕೂಗಿ, "ಮೊದ್ಲು ನೀನ್ ಬಿಚ್ಚಪ್ಪ. ಆಮೇಕೆ ಸೈನು," ಎಂದಳು. ಅವನು ಕೇಬಲ್ಲಿನ ಸಮೇತ ಹಿಡಿಯನ್ನು ಬಿಚ್ಚಿ ಕೊಟ್ಟ. ಸರ್ವೇಯರ್ ಅಷ್ಟು ಹೊತ್ತೂ ರಸ್ತೆಯ ಕಡೆ ತಿರುಗಿ ನಿಂತಿದ್ದ, ಮಾತು ಉಳಿಸಿಕೊಳ್ಳುವವನ ಹಾಗೆ. ಅಕ್ಕ ಹಿಡಿಯನ್ನು ಒಂದು ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಸ್ಟೂಲಿನ ಮೇಲೆ ಕಾಗದ ಇಟ್ಟು, ಪೂರ್ಣ ತೃಪ್ತಿಯಿಂದ, ಯಾರ ಒತ್ತಾಯವೂ ಇಲ್ಲದೆ, ಸಹಿ ಮಾಡಿದಳು.

ಸಹಿಯಾದ ಮೇಲೆ ಸರ್ವೇಯರ್ ಅಕ್ಕನಿಂದ ತನ್ನ ಪೆನ್ನು ವಾಪಸ್ ಪಡೆದು ಕರವಸ್ತ್ರದಲ್ಲಿ ಒರೆಸಿಕೊಂಡ ಎಂದು ಡೈರಿಯಲ್ಲಿ ಅಂದೇ ಬರೆದಿದ್ದೇನೆ. ಈ ಪುಟಗಳನ್ನು ಬರೆಯುವ ಮುಂಚೆ ಅಕ್ಕನಿಗೆ ಅದನ್ನು ಓದಿದೆ.

"ಕರ್ಚೀಪೂ ಇಲ್ಲ, ಏನೂ ಇಲ್ಲ. ಪೆನ್ನು ನಿಂದೇ ಕಣ್ಲಾ. ನೀನೇ ಜೇಬಿಂದ ತೆಗ್ದು ಕೊಟ್ಟೆ."

ನನಗೆ ಆ ಕರವಸ್ತ್ರದ ನೀಲಿ ಅಂಚು ಕೂಡ ಕಾಣುತ್ತದೆ. ಅಂದೇ ಬರೆದದ್ದೂ ಸುಳ್ಳಾಗಬಹುದೇ? ಅಕ್ಕನಿಗೆ ಸುಳ್ಳು ಹೇಳುವ ಕಾರಣವಿಲ್ಲ. ನನಗೆ ಇದೆ: ಅಷ್ಟೊಂದು ಹೇಸಿಗೆಗೆ ಕಣ್ಣಿಗೆ ಕಾಣುವ ಒಂದು ಕೊಳಕು ಬೇಕಿತ್ತು. ಆ ಮನುಷ್ಯನೋ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಲ್ಲರನ್ನೂ ಸರ್ ಎಂದು ಕರೆದು, ಹೊರಡುವಾಗ ಕೈ ಮುಗಿದು ಹೋದ.

ಈಗ ಅದೇ ಮಾದರಿಯ ಇನ್ನೊಂದು ಹಳೆಯ ಕಾರಿದೆ. ಕಂಪನಿ ಕೊಟ್ಟದ್ದು ಸಾಲದೆ ಅಕ್ಕ ತನ್ನ ಕೈಯಿಂದಲೂ ಹಾಕಿದಳು. ಗ್ಯಾರೇಜಿನವನು ಹಿಡಿ ಕೂರಿಸುವಾಗ ಅವಳು ಸೀಟಿನಲ್ಲಿ ಕೂತು, ಗೇರ್ ರಾಡನ್ನು ಹಿಡಿದು ನೋಡಿ, ಹಿಡಿ ಎಲ್ಲಿ ಬರಬೇಕೆಂದು ಬಟ್ಟೆಗೆ ಗುರುತು ಹಾಕುವ ಚಾಕ್‌ನಲ್ಲಿ ಗೆರೆ ಎಳೆದುಕೊಟ್ಟಳು. ಆರ್‌ಸಿಯಲ್ಲಿ ಬರೆಸಿದೆವು. ಈ ಸಲ ಪಾಲಿಸಿಯಲ್ಲೂ ಬರೆಸಿದೆವು.

ಮೊದಲ ದಿನ ನಾನು ಪಕ್ಕದಲ್ಲಿ ಕೂತಿದ್ದೆ. ಕ್ಯಾಸಂಬಳ್ಳಿಯಲ್ಲಿ ಮುಂದಿದ್ದ ಬಸ್ಸು ನಿಂತಿತು. ಅಕ್ಕನೂ ನಿಲ್ಲಿಸಿ, ಹಿಂದಿನ ಕನ್ನಡಿಯನ್ನೇ ನೋಡುತ್ತ, "ನಿನ್ ಲೆಟ್ರು ಚೆನ್ನಾಗೇ ಇತ್ತು ಕಣ್ಲಾ," ಎಂದಳು.

ಅಣಕಿಸಿದಳೋ ಸಮಾಧಾನ ಮಾಡಿದಳೋ ತಿಳಿಯಲಿಲ್ಲ. ಬಸ್ಸಿನ ಬಾಗಿಲಲ್ಲಿ ಮುದುಕಿಯೊಬ್ಬಳನ್ನು ಯಾರೋ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಬಸ್ಸು ಹೊರಟಿತು. ಅಕ್ಕ ಹಿಡಿ ಅಮುಕಿ ಗೇರ್ ಹಾಕಿದಳು.